ಚೀಟಿ ಇಲ್ಲದೆ ಕೊಟ್ಟರೆ ಕೇಸು, ಚೀಟಿ ಇಲ್ಲದೆ ನುಂಗಿದರೆ ಚಟ: ಕಾಫಿ ಸೀಮೆಯಲ್ಲಿ ಟ್ರಮಡಾಲ್ ಲೆಕ್ಕಾಚಾರ

ಚಿಕ್ಕಮಗಳೂರು: ಗಿರಿ ತಪ್ಪಲಿನಿಂದ ಮೂಡಿಗೆರೆ, ಕಳಸದವರೆಗೆ ಕಾಫಿ ಕುಯ್ಲು ಶುರುವಾಯ್ತು ಅಂದ್ರೆ ಮೆಡಿಕಲ್ ಶಾಪ್ ಕೌಂಟರಿನಲ್ಲಿ ಒಂದೇ ಮಾತು: ‘ಮೈಕೈ ನೋವಿಗೆ ಏನಾದ್ರೂ ಕೊಡಿ.’ ದಿನವಿಡೀ ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ದು, ಮೂಟೆ ಹೊತ್ತವರಿಗೆ ನೋವು ಸುಳ್ಳಲ್ಲ. ಆದರೆ ಆ ‘ಏನಾದ್ರೂ’ ಟ್ರಮಡಾಲ್ ಆಗಿದ್ದರೆ ಕಥೆಯೇ ಬೇರೆ.

ಟ್ರಮಡಾಲ್ ಸಾದಾ ನೋವಿನ ಮಾತ್ರೆ ಅಲ್ಲ. 1960ರ ದಶಕದಲ್ಲಿ ಜರ್ಮನಿಯ ಕಂಪನಿಯೊಂದು ಲ್ಯಾಬಿನಲ್ಲಿ ತಯಾರಿಸಿದ, ಅಫೀಮಿನ ಹಾಗೆ ಮಿದುಳಿನ ಮೇಲೆ ಕೆಲಸ ಮಾಡುವ ಔಷಧಿ. ಆಪರೇಷನ್ ಆದವರಿಗೆ, ಕ್ಯಾನ್ಸರ್ ರೋಗಿಗಳಿಗೆ ಇದರಿಂದ ನಿಜಕ್ಕೂ ಉಪಕಾರವಿದೆ. ತೊಂದರೆ ಶುರುವಾಗೋದು ಸುಸ್ತು ಗೊತ್ತಾಗದೆ ಕೆಲಸ ಸಾಗಲಿ ಅಂತ ನುಂಗಿದಾಗ. ಮೊದಲು ಒಂದು ಮಾತ್ರೆಗೆ ಸಿಕ್ಕ ಹುರುಪು ಬರಬರುತ್ತಾ ಎರಡಕ್ಕೂ ಸಿಗಲ್ಲ. ಬಿಟ್ಟರೆ ಬೆವರು, ಭೇದಿ, ನಿದ್ರೆ ಇಲ್ಲ, ಮೈಯೆಲ್ಲ ಚಡಪಡಿಕೆ. ಜ್ವರ ಬಂತು ಅಂದ್ಕೊಂಡು ಮತ್ತೆ ಅದೇ ಮಾತ್ರೆ.

ಡೋಸ್ ಹೆಚ್ಚಾದರೆ ಫಿಟ್ಸ್ ಬರಬಹುದು. ಸಂಜೆ ಎಣ್ಣೆ ಜೊತೆಗೋ, ನಿದ್ರೆ ಮಾತ್ರೆ ಜೊತೆಗೋ ಸೇರಿದರೆ ಉಸಿರಾಟವೇ ನಿಧಾನವಾಗಿ ಪ್ರಾಣಕ್ಕೆ ಕುತ್ತು. ಖಿನ್ನತೆಗೆ ಔಷಧಿ ತಗೊಳ್ಳುವವರಿಗೂ ಅಪಾಯ ಜಾಸ್ತಿ. ಆಸ್ಪತ್ರೆ ದೂರ ಇರುವ ಲೈನ್ ಮನೆಯಲ್ಲಿ ರಾತ್ರಿ ಹೀಗಾದರೆ ಏನು ಗತಿ ಅನ್ನೋದನ್ನ ಬಿಡಿಸಿ ಹೇಳಬೇಕಿಲ್ಲ.

ಕಾನೂನು ಏನು ಹೇಳುತ್ತೆ?

ಟ್ರಮಡಾಲ್ ಷೆಡ್ಯೂಲ್ ಎಚ್1 ಔಷಧಿ. 2014ರ ಮಾರ್ಚ್‌ನಿಂದ ಇಂಥ ಔಷಧಿಗಳ ಮಾರಾಟಕ್ಕೆ ಪ್ರತ್ಯೇಕ ರಿಜಿಸ್ಟರ್ ಕಡ್ಡಾಯ. ವೈದ್ಯರು, ರೋಗಿ, ಔಷಧಿ ಮತ್ತು ಪ್ರಮಾಣದ ವಿವರ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಇದನ್ನ ಎನ್‌ಡಿಪಿಎಸ್ ಕಾಯ್ದೆಯಡಿಗೂ ತಂದಿತು. 5 ಗ್ರಾಂ ಒಳಗಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ. 250 ಗ್ರಾಂ ದಾಟಿದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ, ಜೊತೆಗೆ ಕನಿಷ್ಠ ಒಂದು ಲಕ್ಷ ದಂಡ. ಜಾಮೀನು ಸಿಗೋದೂ ಸುಲಭ ಅಲ್ಲ.

‘250 ಗ್ರಾಂ ಅಂದ್ರೆ ಸಾವಿರಾರು ಮಾತ್ರೆ, ನಮ್ಮ ಅಂಗಡೀಲಿ ಅಷ್ಟೆಲ್ಲಿ’ ಅಂತ ನಿರಾಳ ಆಗುವ ಹಾಗಿಲ್ಲ. 2020ರ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೀ ಮಾದಕ ಅಂಶವನ್ನಲ್ಲ, ಅದರಲ್ಲಿ ಬೆರೆತ ಬೇರೆ ವಸ್ತುವನ್ನೂ ಸೇರಿಸಿ ತೂಕ ಹಾಕಬೇಕು ಎಂದಿದೆ. ಪ್ಯಾರಾಸಿಟಮಾಲ್ ಜೊತೆ ಸೇರಿದ ಒಂದು ಮಾತ್ರೆ ಅರ್ಧ ಗ್ರಾಂ ತೂಗಿದರೆ 10 ಮಾತ್ರೆಗೇ 5 ಗ್ರಾಂ, 500 ಮಾತ್ರೆಗೇ 250 ಗ್ರಾಂ. ಅಂದ್ರೆ ಹತ್ತರ 50 ಸ್ಟ್ರಿಪ್, ಒಂದು ಸಣ್ಣ ರಟ್ಟಿನ ಡಬ್ಬಿ. ಬಿಲ್ಲು, ರಿಜಿಸ್ಟರ್ ಸರಿ ಇದ್ದರೆ ಅದು ಔಷಧಿ ದಾಸ್ತಾನು. ಇಲ್ಲದಿದ್ದರೆ ಅದೇ ಡಬ್ಬಿ ಕೇಸಿನ ಮಾಲು.

ವೈದ್ಯರ ಚೀಟಿ ಇರುವ ರೋಗಿ ಹೆದರಬೇಕಿಲ್ಲ. ಸ್ವಂತ ಚಿಕಿತ್ಸೆಗೆ ಒಮ್ಮೆಗೆ 100 ಡೋಸ್‌ವರೆಗೆ ಇಟ್ಟುಕೊಳ್ಳಲು ನಿಯಮದಲ್ಲೇ ಅವಕಾಶವಿದೆ. ಚೀಟಿ ಜೋಪಾನ ಮಾಡಿದರೆ ಸಾಕು.

ಆದರೆ ಒಂದನ್ನ ಬಿಗಿ ಮಾಡಿದರೆ ಇನ್ನೊಂದು ತಲೆ ಎತ್ತುತ್ತೆ. ಇದೇ ಜಾತಿಯ ಟೇಪೆಂಟಡಾಲ್ 2018ರ ಅಧಿಸೂಚನೆಯಲ್ಲಿ ಇರಲಿಲ್ಲ. ಭಾರತದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗುತ್ತಿದ್ದ ಟೇಪೆಂಟಡಾಲ್-ಕಾರಿಸೊಪ್ರೊಡಾಲ್ ಮಾತ್ರೆಗಳ ಬಗ್ಗೆ ಬಿಬಿಸಿ ವರದಿ ಮಾಡಿದ ಮೇಲೆ, 2025ರ ಫೆಬ್ರವರಿಯಲ್ಲಿ ಅವುಗಳ ತಯಾರಿಕೆ ಮತ್ತು ರಫ್ತಿನ ಅನುಮತಿ ವಾಪಸ್ ಪಡೆಯಲು ಕೇಂದ್ರ ಸೂಚಿಸಿತು.

ಹಾಗಾಗಿ ಅಂಗಡಿಯವರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನೋವು ಹುಟ್ಟುವುದು ತೋಟದಲ್ಲಿ. ಕುಯ್ಲಿನ ಸಮಯದಲ್ಲಿ ತೋಟದ ಹತ್ತಿರವೇ ವೈದ್ಯರು ಸಿಕ್ಕರೆ, ಅಸ್ಸಾಂ, ಜಾರ್ಖಂಡ್‌ನಿಂದ ಬಂದ ಕಾರ್ಮಿಕರಿಗೆ ಅವರ ಭಾಷೆಯಲ್ಲೇ ಅಪಾಯ ತಿಳಿಸಿದರೆ ಕೌಂಟರ್ ಮೇಲಿನ ಒತ್ತಡ ತಾನಾಗೇ ಇಳಿಯುತ್ತೆ. ಈಗಾಗಲೇ ಚಟಕ್ಕೆ ಬಿದ್ದವರಿಗೂ ದಾರಿ ಇದೆ: ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ, ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ, ಕಾಯ್ದೆಯ 64ಎ ಸೆಕ್ಷನ್ ರಕ್ಷಣೆ ಕೊಡುತ್ತದೆ. ಮಾತ್ರೆಯನ್ನ ಏಕಾಏಕಿ ನಿಲ್ಲಿಸದೆ ವೈದ್ಯರ ಸಲಹೆಯಂತೆ ಇಳಿಸುತ್ತಾ ಬರಬೇಕು. ವ್ಯಸನಮುಕ್ತಿ ಸಹಾಯವಾಣಿ 14446, ಟೆಲಿ ಮಾನಸ್ 14416.