ಅಣಕದ ನಗೆ, ಮತದಾರನ ನಗೆ

ಚುನಾವಣಾ ಪ್ರಚಾರವನ್ನು ವಸ್ತುವಾಗಿಸಿಕೊಂಡ ಹಾಸ್ಯಚಿತ್ರಗಳಲ್ಲಿ ಎರಡು ಬಗೆಗಳಿವೆ. ಅಧಿಕಾರದಲ್ಲಿರುವ ನಾಯಕನೊಬ್ಬನ ವೇಷ, ಮಾತು, ಹಾವಭಾವಗಳನ್ನು ಗೇಲಿ ಮಾಡುವ ಅಣಕಚಿತ್ರ ಒಂದು ಬಗೆಯಾದರೆ, ಕಲ್ಪಿತ ಅಭ್ಯರ್ಥಿಗಳ ಮೂಲಕ ಮತಬೇಟೆಯ ರೀತಿನೀತಿಗಳನ್ನೇ ಬಯಲಿಗೆಳೆಯುವ ಚಿತ್ರ ಇನ್ನೊಂದು ಬಗೆ. ಆಂಧ್ರಪ್ರದೇಶದ ಅನುಭವ ತೋರಿಸುವಂತೆ, ಮೊದಲನೆಯದು ಬಲುಬೇಗ ಪ್ರಚಾರದ ಅಂಗವೇ ಆಗಿಬಿಡುತ್ತದೆ. ಮತದಾರನ ಪರವಾಗಿ ನಿಲ್ಲುವ ಶಕ್ತಿ ಇರುವುದು ಎರಡನೆಯದಕ್ಕೆ.

ಆ ಅನುಭವದ ಕೇಂದ್ರದಲ್ಲಿರುವ ನಟ ಜೋಡಿ ಹಾಸ್ಯಕ್ಕೂ ಹೆಸರಾದವರು; ತೆಲುಗಿನಲ್ಲಿ ಅದಕ್ಕೆ ಗಟ್ಟಿಯಾದ ಪರಂಪರೆಯಿದೆ. ನಿರ್ದೇಶಕ ಜಂಧ್ಯಾಲ ಅವರ ‘ನಾಲುಗು ಸ್ತಂಭಾಲಾಟ’ದಿಂದ (1982) ಸುತ್ತಿ ವೀರಭದ್ರರಾವ್ ಮತ್ತು ಸುತ್ತಿ ವೇಲು ಜೋಡಿ ಮನೆಮಾತಾಯಿತು. ಮುಂದೆ ಕೋಟ ಶ್ರೀನಿವಾಸರಾವ್ ಮತ್ತು ಬಾಬು ಮೋಹನ್ ಸ್ಲ್ಯಾಪ್‌ಸ್ಟಿಕ್ ಅನ್ನು, ಅಂದರೆ ಏಟು, ಒದೆತ, ಎಡವಿ ಬೀಳುವಿಕೆಗಳಿಂದಲೇ ನಗಿಸುವ ಆಂಗಿಕ ಹಾಸ್ಯವನ್ನು, ಜನಪ್ರಿಯಗೊಳಿಸಿದರು. 1999ರಲ್ಲಿ ಈ ಇಬ್ಬರೂ ವಿಧಾನಸಭೆಗೆ ಆಯ್ಕೆಯಾದರು: ಕೋಟ ವಿಜಯವಾಡ ಪೂರ್ವ ಕ್ಷೇತ್ರದಿಂದ ಬಿಜೆಪಿ ಅಭ್ಯರ್ಥಿಯಾಗಿ, ಬಾಬು ಮೋಹನ್ ಆಂದೋಲ್‌ನಿಂದ ತೆಲುಗುದೇಶಂ ಅಭ್ಯರ್ಥಿಯಾಗಿ.

ಇದೇ ಕೋಟ, ಎನ್.ಟಿ.ರಾಮರಾವ್ ಮುಖ್ಯಮಂತ್ರಿಯಾಗಿದ್ದಾಗ ತೆರೆಕಂಡ ‘ಮಂಡಲಾಧೀಶುಡು’ (1987) ಚಿತ್ರದಲ್ಲಿ ಅವರನ್ನೇ ಹೋಲುವ ಪಾತ್ರ ಮಾಡಿದ್ದರು. ಅದಕ್ಕಾಗಿ ಎನ್‌ಟಿಆರ್ ಅಭಿಮಾನಿಗಳು ವಿಜಯವಾಡ ರೈಲು ನಿಲ್ದಾಣದಲ್ಲಿ ತಮ್ಮನ್ನು ಥಳಿಸಿದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದರು. ಕಲಾವಿದನ ಮೇಲಿನ ಹಲ್ಲೆಗೆ ಯಾವ ಸಮರ್ಥನೆಯೂ ಇಲ್ಲ. ಆದರೆ ‘ಚೈತನ್ಯ ರಥಂ’ ಎಂಬ ವಾಹನವನ್ನೇರಿ ರಾಜ್ಯ ಸುತ್ತಿ, ತೆರೆಯ ಮೇಲಿನ ವರ್ಚಸ್ಸನ್ನೇ ಬಂಡವಾಳವಾಗಿಸಿಕೊಂಡು 1983ರಲ್ಲಿ ಅಧಿಕಾರಕ್ಕೆ ಬಂದ ನಾಯಕನ ಅಣಕವನ್ನು ಬೆಂಬಲಿಗರು ವಿಮರ್ಶೆಯೆಂದಲ್ಲ, ಎದುರು ಪಾಳೆಯದ ದಾಳಿಯೆಂದೇ ಕಂಡರು. ಹನ್ನೆರಡು ವರ್ಷಗಳ ಬಳಿಕ ಕೋಟ ಸ್ಪರ್ಧಿಸಿದ್ದು ಎನ್‌ಟಿಆರ್ ಕಟ್ಟಿದ ತೆಲುಗುದೇಶಂ ಪಕ್ಷದ ಮೈತ್ರಿಕೂಟದಿಂದಲೇ. ಪಾಳೆಯಗಳು ಬದಲಾದಾಗ ವ್ಯಕ್ತಿಯ ಅಣಕ ತನ್ನ ಗುರಿಯನ್ನೇ ಕಳೆದುಕೊಳ್ಳುತ್ತದೆ.

ಪೂಜಾ ಕೊಲ್ಲೂರು ನಿರ್ದೇಶನದ ‘ಮಾರ್ಟಿನ್ ಲೂಥರ್ ಕಿಂಗ್’ (2023) ಹಿಡಿದ ದಾರಿ ಬೇರೆ. ತಮಿಳಿನ ‘ಮಂಡೇಲಾ’ದ ರೀಮೇಕ್ ಆದ ಈ ಚಿತ್ರದಲ್ಲಿ, ಮರದ ಕೆಳಗೆ ಬದುಕುವ ಚಪ್ಪಲಿ ಹೊಲಿಯುವವನೊಬ್ಬ ಅಂಚೆ ಕಚೇರಿಯಲ್ಲಿ ಉಳಿತಾಯ ಖಾತೆ ತೆರೆಯಲು ಹೋಗಿ ಹೆಸರನ್ನೂ ಗುರುತಿನ ಚೀಟಿಯನ್ನೂ ಪಡೆಯುತ್ತಾನೆ. ಪಂಚಾಯಿತಿ ಚುನಾವಣೆಯಲ್ಲಿ ಊರಿನ ಎರಡು ಬಣಗಳ ಬಲ ಸಮನಾದಾಗ ನಿರ್ಣಾಯಕವಾಗುವುದು ಅವನದೊಂದೇ ಮತ. ಊರಿನವರು ಕಡೆಗಣಿಸಿದ್ದವನ ಸುತ್ತ ಅಭ್ಯರ್ಥಿಗಳು ಸುಳಿದಾಡುತ್ತಾರೆ; ಮೊದಲು ತನಗಾಗಿ ಉಡುಗೊರೆ ಪಡೆಯುವ ಅವನು, ಕೊನೆಗೆ ಊರಿಗೆ ಬೇಕಾದ ಸೌಕರ್ಯಗಳನ್ನು ಕೇಳಲು ಅದೇ ಮತವನ್ನು ಬಳಸುತ್ತಾನೆ. ಇಲ್ಲಿ ನಗೆಗೀಡಾಗುವುದು ಆಮಿಷ ಒಡ್ಡುವವರು. ಅರಿವು ಮೂಡುವುದು ಮತದಾರನಲ್ಲಿ.

ಕನ್ನಡದಲ್ಲಿ, ವಿಧಾನಸಭಾ ಚುನಾವಣೆಗೆ ನಾಲ್ಕು ತಿಂಗಳ ಮುನ್ನ ತೆರೆಕಂಡ ಸಾದ್ ಖಾನ್ ನಿರ್ದೇಶನದ ‘ಹಂಬಲ್ ಪೊಲಿಟಿಷಿಯನ್ ನೊಗ್‌ರಾಜ್’ (2018) ಕೂಡ ಕಲ್ಪಿತ ಅಭ್ಯರ್ಥಿಯನ್ನೇ ನೆಚ್ಚಿಕೊಂಡಿತು. ಶಾಸಕನಾಗಲು ಹೊರಟ ಕಾರ್ಪೊರೇಟರ್ ಮತ್ತು ಅವನ ಆಪ್ತ ಸಹಾಯಕ ಮಂಜುನಾಥ, ಈ ಜೋಡಿಯ ಒಡನಾಟದಿಂದಾಗಿ ವೇದಿಕೆಯ ಭಾಷಣದ ಹಿಂದಿರುವ ಲೆಕ್ಕಾಚಾರ ಪ್ರೇಕ್ಷಕರಿಗೆ ಕಾಣಸಿಗುತ್ತದೆ. ಜೋಡಿ ಹಾಸ್ಯದ ನಿಜವಾದ ಉಪಯುಕ್ತತೆ ಇದೇ: ಸಾರ್ವಜನಿಕವಾಗಿ ಹೇಳಲಾಗದ್ದನ್ನು ಅಭ್ಯರ್ಥಿ ತನ್ನ ಸಂಗಾತಿಯೆದುರು ಹೇಳಲೇಬೇಕಾಗುತ್ತದೆ.

ಎರಡೂ ಭಾಷೆಗಳ ಚಿತ್ರಕರ್ಮಿಗಳು ಈ ದಾರಿಯಲ್ಲೇ ಮುಂದುವರಿಯಬೇಕು. ನಾಯಕರನ್ನು ಅಣಕಿಸುವ ಕೆಲಸವನ್ನು ಎದುರಾಳಿ ಪಕ್ಷಗಳೇ ಮಾಡಿಕೊಳ್ಳುತ್ತವೆ. ಮತಕ್ಕೆ ಬೆಲೆ ಕಟ್ಟುವ ಪದ್ಧತಿಯನ್ನು ನಗೆಪಾಟಲಾಗಿಸುವ ಕೆಲಸವನ್ನು ಯಾವ ಪಕ್ಷವೂ ಮಾಡದಿರುವುದರಿಂದ, ಆ ಹೊಣೆಯನ್ನು ಸಿನಿಮಾ ಹೊರಬೇಕಾಗಿದೆ.