ಬೆಳಗಾವಿಯ ಬಸುರಿಯರು ಕೊಟ್ಟ ಉತ್ತರ ನಮ್ಮೂರ ಉಪಕೇಂದ್ರಕ್ಕೂ ಬರಲಿ

ಬಸುರಿನ ಬಿಪಿ, ನಂಜು, ಫಿಟ್ಸ್ ಕುರಿತು ಸಾರ್ವಜನಿಕರಲ್ಲಿ ಒಂದು ಮಾತು



ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಲೆಕ್ಕವನ್ನು ಕೇಂದ್ರ ಸರ್ಕಾರ ಪ್ರಕಟಿಸುತ್ತದೆ. 2018–20ರ ಲೆಕ್ಕದಲ್ಲಿ ಕರ್ನಾಟಕದ ಅಂಕಿ 69, ತಮಿಳುನಾಡಿನದು 54, ಕೇರಳದ್ದು 19.  ಆದರೆ ಕಾಸರಗೋಡಿನ ಬಸುರಿಯ ಮೈಯೂ ರಾಯಚೂರಿನ ಬಸುರಿಯ ಮೈಯೂ ಒಂದೇ ತಾನೆ? ಜಗತ್ತಿನಾದ್ಯಂತ ಈ ಸಾವುಗಳಿಗೆ ಮೊದಲ ಕಾರಣ ರಕ್ತಸ್ರಾವ. ಅದರ ಬೆನ್ನಿಗೇ ಇರುವುದು ಬಸುರಿನಲ್ಲಿ ಏರುವ ಬಿಪಿ.

ಈ ಕರಪತ್ರ ಹೊಸ ಆಸ್ಪತ್ರೆ ಬೇಕೆಂದು ಕೇಳುತ್ತಿಲ್ಲ. ಕಳೆದ ಮೂವತ್ತು ವರ್ಷಗಳಲ್ಲಿ ಈ ಕಾಯಿಲೆಯ ಮೇಲೆ ದೊಡ್ಡ ಸಂಶೋಧನೆಗಳು ನಡೆದಿವೆ. ಅವುಗಳಲ್ಲಿ ಕೆಲವು ನಡೆದದ್ದು ಬೆಳಗಾವಿ, ಬಾಗಲಕೋಟೆ, ಬೆಂಗಳೂರಿನಲ್ಲೇ. ಬಸುರಿಯರು ತಮ್ಮ ಮೈಯನ್ನೂ ಸಮಯವನ್ನೂ ಕೊಟ್ಟು ಗಳಿಸಿಕೊಟ್ಟ ಆ ಉತ್ತರಗಳು ಇಂಗ್ಲಿಷ್ ಪತ್ರಿಕೆಗಳಲ್ಲಿ ಅಚ್ಚಾದವು. ಅವು ಬಸುರಿಯರ ತಪಾಸಣೆ ಬರೆದಿಡುವ ತಾಯಿ ಕಾರ್ಡಿಗೂ ಇಳಿಯಬೇಕು ಎಂಬುದೇ ನಮ್ಮ ಬೇಡಿಕೆ.

ಇಪ್ಪತ್ತು ವಾರ ಕಳೆದ ಮೇಲೆ ಬಿಪಿ 140/90 ಮುಟ್ಟಿದರೆ ಎಚ್ಚರ. 160/110 ಮುಟ್ಟಿದರೆ ಆ ಗಳಿಗೆಯಲ್ಲೇ ಆಸ್ಪತ್ರೆ. ಈ ಬಿಪಿಯ ಜೊತೆ ಬರುವ ನಂಜಿನಲ್ಲಿ (ಪ್ರಿ-ಎಕ್ಲಾಂಪ್ಸಿಯಾ) ಮೂತ್ರದಲ್ಲಿ ಪ್ರೋಟೀನ್ ಹೋಗುತ್ತದೆ, ತಲೆ ಸಿಡಿಯುತ್ತದೆ, ಕಣ್ಣು ಮಂಜಾಗುತ್ತದೆ, ಪಕ್ಕೆಲುಬಿನ ಕೆಳಗೆ ಬಲಗಡೆ ನೋಯುತ್ತದೆ, ಕೊನೆಗೆ ಫಿಟ್ಸ್. ಮನೆಯಲ್ಲಿ ನಾವು ಮಾಡುವುದೇನು? ನಂಜು ಎಂದು ಬದನೆಕಾಯಿ ಬಿಡಿಸುತ್ತೇವೆ, ಉಪ್ಪು ತೆಗೆದು ಸಪ್ಪೆ ಊಟ ಬಡಿಸುತ್ತೇವೆ. ಉಪ್ಪು ಕಡಿಮೆ ಮಾಡಿ ಈ ಕಾಯಿಲೆ ತಡೆಯಲು ಹೋಗಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಬದನೆಕಾಯಿಯದಂತೂ ಏನೂ ತಪ್ಪಿಲ್ಲ. ಬೇರು ಇರುವುದು ಮಾಸಿನಲ್ಲಿ. ಅದಕ್ಕೆ ರಕ್ತ ತರುವ ನಾಳಗಳು ಮೊದಲ ತಿಂಗಳುಗಳಲ್ಲಿ ಸರಿಯಾಗಿ ಅಗಲವಾಗದಿದ್ದರೆ, ಮುಂದೆ ಮಾಸು ತಾಯಿಯ ರಕ್ತಕ್ಕೆ ಕೆಲವು ಪ್ರೋಟೀನುಗಳನ್ನು ಬಿಡುತ್ತದೆ, ಅವು ಆಕೆಯ ರಕ್ತನಾಳಗಳನ್ನು ಕೆಡಿಸುತ್ತವೆ. 2003ರಲ್ಲಿ ಇಂಥದೊಂದು ಪ್ರೋಟೀನಿನ ಪಾತ್ರವನ್ನು ತೋರಿಸಿದ್ದು ಭಾರತ ಮೂಲದ ವೈದ್ಯ ಅನಂತ್ ಕರುಮಂಚಿ ಅವರ ಬಾಸ್ಟನ್ ತಂಡ. ಅದನ್ನು ಅಳೆಯುವ ರಕ್ತಪರೀಕ್ಷೆಗೆ ಅಮೆರಿಕದಲ್ಲಿ 2023ರಲ್ಲಿ ಅನುಮತಿಯೂ ಸಿಕ್ಕಿತು. ಸಂತೋಷ. ಆದರೆ ಬಿಪಿ ಮಿಷನ್ನಿನ ಪಟ್ಟಿಯೇ ಹರಿದಿರುವ ಕಡೆ ಆ ಪರೀಕ್ಷೆಯ ಮಾತು ಆಮೇಲೆ ಆಡೋಣ.

ಮೊದಲು ಫಿಟ್ಸ್ ವಿಷಯ. ಹತ್ತಿ ಎಲೆ ಕೆಂಪಾದರೆ ನಮ್ಮ ರೈತರು ಸಿಂಪಡಿಸುವ ಮೆಗ್ನೀಸಿಯಂ ಸಲ್ಫೇಟ್ ಗೊತ್ತಲ್ಲ, ಅದೇ ಲವಣದ ಶುದ್ಧ ಇಂಜೆಕ್ಷನ್ನೇ ಇದಕ್ಕೆ ಮದ್ದು. ಇದು ಹೆಚ್ಚೋ ಬೇರೆ ಔಷಧಿ ಹೆಚ್ಚೋ ಎಂದು ವೈದ್ಯರು ದಶಕಗಳ ಕಾಲ ಜಗಳವಾಡಿದರು. 1995ರಲ್ಲಿ ಭಾರತವೂ ಸೇರಿ ಹಲವು ದೇಶಗಳ ಸುಮಾರು 1,700 ಹೆಂಗಸರ ಮೇಲೆ ನಡೆದ ಅಧ್ಯಯನ ಆ ಜಗಳ ಮುಗಿಸಿತು: ಮತ್ತೆ ಫಿಟ್ಸ್ ಬರುವುದನ್ನು ಮೆಗ್ನೀಸಿಯಂ ಡಯಾಜೆಪಾಮ್‌ಗಿಂತಲೂ ಫೆನಿಟಾಯಿನ್‌ಗಿಂತಲೂ ಎಷ್ಟೋ ಚೆನ್ನಾಗಿ ತಡೆಯಿತು. 2002ರಲ್ಲಿ 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಮ್ಯಾಗ್‌ಪೈ ಅಧ್ಯಯನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಂಜಿರುವವರಿಗೆ ಮೊದಲೇ ಕೊಟ್ಟರೆ ಫಿಟ್ಸ್ ಬರುವ ಅಪಾಯ ಅರ್ಧಕ್ಕಿಂತ ಕೆಳಗಿಳಿಯುತ್ತದೆ ಎಂದು ತೋರಿಸಿತು. ಬೆಲೆಯೂ ದುಬಾರಿಯಲ್ಲ. ದೊಡ್ಡಾಸ್ಪತ್ರೆಗೆ ಕಳಿಸುವ ಮೊದಲು ಎರಡೂ ಪೃಷ್ಠಕ್ಕೆ ಐದೈದು ಗ್ರಾಂನಂತೆ ಮೊದಲ ಡೋಸ್ ಕೊಡಲು ಉಪಕೇಂದ್ರದ ನರ್ಸಮ್ಮನಿಗೂ ಕೇಂದ್ರ ಸರ್ಕಾರದ ಅನುಮತಿ ಇದೆ. ಹಾಗಿದ್ದೂ ಬರಿಗೈಯಲ್ಲಿ ಗಾಡಿ ಹತ್ತಿಸಿ ‘ಜಿಲ್ಲಾಸ್ಪತ್ರೆಗೆ ಒಯ್ಯಿರಿ’ ಅನ್ನುವುದನ್ನು ನಾವು ಒಪ್ಪಬೇಕಿಲ್ಲ. ಆ ಇಂಜೆಕ್ಷನ್ ನಿಮ್ಮ ಉಪಕೇಂದ್ರದಲ್ಲಿದೆಯೇ, ಅವಧಿ ಮುಗಿದಿಲ್ಲವೇ ಎಂದು ಗ್ರಾಮಸಭೆಯಲ್ಲಿ ಕೇಳಿ.

ಇನ್ನು ಕ್ಯಾಲ್ಸಿಯಂ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಹೆಂಗಸರು ಮಾತ್ರೆ ತೆಗೆದುಕೊಂಡರೆ ನಂಜಿನ ಅಪಾಯ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ದಿನಕ್ಕೆ 1,500ರಿಂದ 2,000 ಮಿಲಿಗ್ರಾಂ. ನಮ್ಮ ಸರ್ಕಾರದ ನಿಯಮ 500ರ ಎರಡು ಮಾತ್ರೆ. ಇದರ ಜೊತೆ ಕಬ್ಬಿಣದ ಮಾತ್ರೆಯೂ ಇದೆ, ಅದನ್ನು ಕ್ಯಾಲ್ಸಿಯಂ ಜೊತೆ ನುಂಗಬಾರದು, ಹೊತ್ತು ಬೇರೆ ಮಾಡಬೇಕು. ಗದ್ದೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋಗುವ ಹೆಂಗಸಿಗೆ ಇದೆಲ್ಲ ನೆನಪಿರುವುದು ಹೇಗೆ? ಎಷ್ಟೋ ಮನೆಗಳಲ್ಲಿ ಮಾತ್ರೆಯ ಹಾಳೆಗಳು ಗೂಡಿನಲ್ಲೇ ಉಳಿದಿರುತ್ತವೆ. ಈ ಪ್ರಶ್ನೆಯನ್ನೇ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಹಿಡಿದರು. ಚೊಚ್ಚಲ ಬಸುರಿನ ಸುಮಾರು 11,000 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ, ಉಳಿದರ್ಧಕ್ಕೆ 1,500. ತಾಂಜಾನಿಯಾದಲ್ಲೂ ಅಷ್ಟೇ ಜನರ ಮೇಲೆ ಇಂಥದೇ ಅಧ್ಯಯನ ನಡೆಯಿತು. 2024ರ ಜನವರಿಯಲ್ಲಿ ಫಲಿತಾಂಶ ಬಂತು: ಬೆಂಗಳೂರಿನಲ್ಲಿ ಕಡಿಮೆ ಡೋಸಿನವರಲ್ಲಿ ನಂಜು ಕಂಡದ್ದು ನೂರಕ್ಕೆ 3.0, ಹೆಚ್ಚು ಡೋಸಿನವರಲ್ಲಿ 3.6. ನಂಜು ತಡೆಯುವುದರಲ್ಲಿ ಕಡಿಮೆ ಡೋಸು ಎರಡೂ ದೇಶಗಳಲ್ಲಿ ಹಿಂದೆ ಬೀಳಲಿಲ್ಲ. ಅಂದರೆ ದಿನಕ್ಕೊಂದು 500ರ ಮಾತ್ರೆಯೇ ಸಾಕಾಗಬಹುದು. ದಯವಿಟ್ಟು ನೀವಾಗಿಯೇ ಮಾತ್ರೆ ಕಡಿಮೆ ಮಾಡಬೇಡಿ, ಡೋಸು ತೀರ್ಮಾನಿಸಬೇಕಾದವರು ವೈದ್ಯರು. ಆದರೆ ನಮ್ಮ ರಾಜಧಾನಿಯಲ್ಲೇ ಸಿಕ್ಕ ಈ ಫಲಿತಾಂಶ ನೋಡಿ ನಿಯಮವನ್ನು ಮರುಪರಿಶೀಲಿಸಿ ಎಂದು ಆರೋಗ್ಯ ಇಲಾಖೆಯನ್ನು ಕೇಳುವ ಹಕ್ಕು ನಮಗಿದೆ. ಗೂಡಿನಲ್ಲಿ ಉಳಿಯುವ ಎರಡು ಮಾತ್ರೆಗಿಂತ ಹೊಟ್ಟೆಗೆ ಹೋಗುವ ಒಂದು ಮಾತ್ರೆ ಮೇಲು.

ಆಸ್ಪಿರಿನ್ ಕಥೆಯಲ್ಲಿ ಬೆಳಗಾವಿ ಬರುತ್ತದೆ. ಆರು ದೇಶಗಳ ಸುಮಾರು 12,000 ಚೊಚ್ಚಲ ಬಸುರಿಯರ ಮೇಲೆ ನಡೆದ ಅಧ್ಯಯನದಲ್ಲಿ ಬೆಳಗಾವಿ ಮತ್ತು ನಾಗಪುರದವರಿದ್ದರು. ಹದಿನಾಲ್ಕು ವಾರ ತುಂಬುವ ಮೊದಲೇ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಶುರುಮಾಡಿದವರಲ್ಲಿ ಅವಧಿಗೆ ಮುನ್ನ ಹೆರಿಗೆಯಾಗುವುದು 13.1ರಿಂದ 11.6 ಶೇಕಡಕ್ಕೆ ಇಳಿಯಿತು ಎಂದು 2020ರಲ್ಲಿ ‘ಲ್ಯಾನ್ಸೆಟ್’ ಪ್ರಕಟಿಸಿತು. ಬಿಪಿಯ ತೊಂದರೆಯಿಂದ 34 ವಾರಕ್ಕೂ ಮೊದಲೇ ಹೆರಿಗೆಯಾದವರ ಸಂಖ್ಯೆಯೂ ತಗ್ಗಿತು. ಮೊದಲೇ ಬಿಪಿ, ಸಕ್ಕರೆ, ಮೂತ್ರಪಿಂಡದ ಕಾಯಿಲೆ ಇದ್ದವರಿಗೆ, ಹಿಂದಿನ ಬಸುರಿನಲ್ಲಿ ನಂಜಾದವರಿಗೆ, ಅವಳಿ ಹೊತ್ತವರಿಗೆ ವೈದ್ಯರು ಇದನ್ನು ಬರೆಯುತ್ತಾರೆ. ಅಡ್ಡಿ ಇರುವುದು ನಮ್ಮ ಮನೆಯಲ್ಲೇ. ‘ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತದೆ’ ಎನ್ನುತ್ತೇವೆ. ಆಸ್ಪಿರಿನ್ ಶುರುವಾಗಬೇಕಾದದ್ದು ಆ ಮೂರು ತಿಂಗಳ ಆಸುಪಾಸಿನಲ್ಲಿ, ಹದಿನಾರು ವಾರದೊಳಗೆ. ಅತ್ತೆಯಂದಿರೇ, ಊರಿಗೆ ಹೇಳಬೇಡಿ, ಆಶಾ ಕಾರ್ಯಕರ್ತೆಗೆ ಮಾತ್ರ ಎರಡನೇ ತಿಂಗಳಲ್ಲೇ ಹೇಳಿ.

ಎಲ್ಲ ಸಂಶೋಧನೆಯೂ ಗೆದ್ದಿಲ್ಲ, ಅದನ್ನೂ ಹೇಳಬೇಕು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ‘ಕ್ಲಿಪ್’ ಎಂಬ ಅಧ್ಯಯನ ನಡೆಯಿತು. ಊರಿನ ಆರೋಗ್ಯ ಕಾರ್ಯಕರ್ತೆಯರು ಬಿಪಿ ಮಿಷನ್ ಮತ್ತು ಮೊಬೈಲ್ ಆ್ಯಪ್ ಹಿಡಿದು ಬಸುರಿಯರ ಮನೆಬಾಗಿಲಿಗೆ ಹೋದರು. ಪಾಕಿಸ್ತಾನದ ಸಿಂಧ್, ಮೊಜಾಂಬಿಕ್‌ನಲ್ಲೂ ಹೀಗೇ ಮಾಡಿದರು. 2020ರಲ್ಲಿ ಮೂರೂ ದೇಶಗಳ ಲೆಕ್ಕ ಕೂಡಿಸಿ ನೋಡಿದರೆ, ಸಾವು-ನೋವು ಒಟ್ಟಾರೆ ಕಡಿಮೆಯಾಗಿರಲಿಲ್ಲ. ಕಾರ್ಯಕರ್ತೆಯರನ್ನು ಹೆಚ್ಚಿಸಬೇಕು, ಆಸ್ಪತ್ರೆಗಳನ್ನೂ ಜೊತೆಗೇ ಬಲಪಡಿಸಬೇಕು ಎಂದು ಸಂಶೋಧಕರೇ ಬರೆದರು. ನಮ್ಮ ಪಾಲಿಗೆ ಇದು ಅತ್ಯಂತ ಬೆಲೆಬಾಳುವ ಸೋಲು. ಮನೆಬಾಗಿಲಲ್ಲಿ ಬಿಪಿ ಹಿಡಿದುಕೊಟ್ಟರೂ ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿ ಡಾಕ್ಟರೇ ಇಲ್ಲದಿದ್ದರೆ ಆ್ಯಪ್ ಏನು ಮಾಡೀತು? ಆ್ಯಪ್ ಉದ್ಘಾಟನೆಗೆ ರಿಬ್ಬನ್ ಕತ್ತರಿಸುವವರಿಗೆ ಈ ಫಲಿತಾಂಶವನ್ನು ಓದಿ ಹೇಳಿ.

ಇನ್ನು ಬಿಪಿ ನೋಡುವ ರೀತಿ. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ತಪಾಸಣೆ. ಬಸ್ ಸ್ಟ್ಯಾಂಡಿನಿಂದ ಬಿಸಿಲಲ್ಲಿ ನಡೆದು ಬಂದ ಹೆಂಗಸನ್ನು ಬೆನ್ನಿಗೆ ಆಸರೆಯಿಲ್ಲದ ಸ್ಟೂಲಿನ ಮೇಲೆ ಕೂರಿಸಿ, ಸ್ವೆಟರಿನ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಲೇ ಗಾಳಿ ತುಂಬಿದರೆ ಬರುವ ಅಂಕಿಗೆ ಬೆಲೆಯಿಲ್ಲ. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಆಸರೆ ಬೇಕು, ಪಾದ ನೆಲಕ್ಕೆ ತಾಕಿರಬೇಕು, ಬರಿ ತೋಳಿಗೆ ಎದೆಯ ಮಟ್ಟದಲ್ಲಿ ಪಟ್ಟಿ ಸುತ್ತಬೇಕು. ಈಗಲೇ ತಾಯಿ ಕಾರ್ಡ್ ತೆಗೆದು ನೋಡಿ. ಪ್ರತಿ ತಪಾಸಣೆಯಲ್ಲೂ 110/70, 110/70 ಎಂದೇ ಬರೆದಿದ್ದರೆ ಅನುಮಾನ ಪಡಿ. ಒಬ್ಬರ ಬಿಪಿ ತಿಂಗಳುಗಟ್ಟಲೆ ಹಾಗೆ ಕದಲದೆ ನಿಲ್ಲುವುದಿಲ್ಲ. ‘ಎಷ್ಟಿದೆ ಸಿಸ್ಟರ್?’ ಎಂದು ಕೇಳಿ, ಅಂಕಿ ಬಾಯಿಬಿಟ್ಟು ಹೇಳಿಸಿಕೊಳ್ಳಿ. ಸೀಮಂತ ಮುಗಿಸಿ ತವರಿಗೆ ಕಳಿಸುವಾಗ ಸೀರೆ-ಬಳೆಯ ಜೊತೆ ಆ ಕಾರ್ಡೂ ಹೋಗಲಿ.

ಹೆರಿಗೆಯಾದ ಮೇಲೆ ಗಂಡಾಂತರ ಕಳೆಯಿತೆಂದು ಎಲ್ಲರೂ ಉಸಿರು ಬಿಡುತ್ತಾರೆ. ಆದರೆ ಬಾಣಂತಿಯ ಬಿಪಿ ಹೆಚ್ಚು ಏರುವುದು ಹೆರಿಗೆಯಾದ ಮೂರರಿಂದ ಆರನೇ ದಿನದ ನಡುವೆ, ಅಂದರೆ ಡಿಸ್‌ಚಾರ್ಜ್ ಮಾಡಿಸಿ, ಕಿವಿಗೆ ಹತ್ತಿ ಇಟ್ಟು, ಕೋಣೆಯ ಕತ್ತಲಲ್ಲಿ ಮಲಗಿಸಿದ ಹೊತ್ತಿನಲ್ಲಿ. ತಲೆನೋವು ಅಂದರೆ ‘ಗಾಳಿ ತಗುಲಿದೆ’ ಎಂದು ಇನ್ನೊಂದು ಬಟ್ಟೆ ಬಿಗಿಯುತ್ತೇವೆ. ಬಸುರಿನಲ್ಲಿ ಬಿಪಿ ಇದ್ದವಳಿಗೆ ಮನೆಗೆ ಬಂದ ಮೇಲೂ ಬಿಪಿ ನೋಡಿಸಲೇಬೇಕು, ಆರು ವಾರದ ತನಕ. ನಂಜಾದವರಿಗೆ ಮುಂದೆ ಹೃದಯದ ಕಾಯಿಲೆ, ಪಾರ್ಶ್ವವಾಯು ಬರುವ ಅಪಾಯ ಸುಮಾರು ಇಮ್ಮಡಿ. ಹಾಗಾಗಿ ವರ್ಷಕ್ಕೊಮ್ಮೆಯಾದರೂ ಬಿಪಿ ನೋಡಿಸಿಕೊಳ್ಳಲಿ.

‘ಬಡ ಬಸುರಿಯರ ಮೇಲೆ ಪ್ರಯೋಗ ಮಾಡುತ್ತಾರೆ’ ಎಂಬ ಆಕ್ಷೇಪ ನಮಗೆ ಗೊತ್ತು. ಆ ಅನುಮಾನ ಅಕಾರಣವಲ್ಲ. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಓದಿ ಹೇಳಬೇಕು, ‘ಬೇಡ’ ಅಂದವಳ ಚಿಕಿತ್ಸೆಗೆ ತೊಡಕಾಗಬಾರದು. ಆದರೆ ಸಂಶೋಧನೆಯನ್ನೇ ನಿಲ್ಲಿಸಿದರೆ ವೈದ್ಯರು ಮತ್ತೆ ಅಂದಾಜಿಗೇ ಬೀಳುತ್ತಾರೆ, 1995ಕ್ಕೂ ಹಿಂದಿನ ಹಾಗೆ. ಶೋಷಣೆಯ ಮಾತು ಬಂದರೆ ನಾವು ಹೇಳುವುದಿಷ್ಟು: ಅಧ್ಯಯನಕ್ಕೆ ಒಪ್ಪಿದವಳಿಗೆ ಅದರ ಫಲಿತಾಂಶ ಹೇಳದಿರುವುದು, ಅವಳ ತಂಗಿಗೆ ಆ ಮದ್ದು ತಲುಪಿಸದಿರುವುದು, ಅದು ಶೋಷಣೆ. ನಮ್ಮ ಜಿಲ್ಲೆಗಳಲ್ಲಿ ಅಧ್ಯಯನ ನಡೆಸಿದ ಪ್ರತಿ ಸಂಸ್ಥೆಯೂ ಫಲಿತಾಂಶವನ್ನು ಒಂದು ಪುಟದ ಕನ್ನಡದಲ್ಲಿ ಆ ಊರಿನ ಪಂಚಾಯ್ತಿ ಕಟ್ಟೆಗೆ ಅಂಟಿಸಬೇಕು ಎಂದು ನಾವು ಒತ್ತಾಯಿಸುತ್ತೇವೆ.

ಓದಿದ ಮೇಲೆ ಈ ಹಾಳೆಯನ್ನು ಮನೆಯಲ್ಲಿ ಬಸುರಿ ಇರುವ ಇನ್ನೊಬ್ಬರಿಗೆ ಕೊಡಿ. ಸಂದೇಹವಿದ್ದರೆ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿ. ತಲೆ ಸಿಡಿದು ಕಣ್ಣು ಮಂಜಾದರೆ ಯಾರನ್ನೂ ಕೇಳುತ್ತ ಕೂರದೆ 108.