ಪಾಸ್‌ಪೋರ್ಟ್ ನೋಡಿ ಲ್ಯಾಬಿನ ಬಾಗಿಲು ತೆಗೆಯೋದಾ?

ಜಿನೀವಾ ಹತ್ತಿರ, ಫ್ರಾನ್ಸಿನ ಸೆಸ್ಸಿ ಅನ್ನುವ ಊರಿನ ಕೆಳಗೆ ನೂರು ಮೀಟರ್ ಆಳದಲ್ಲಿ ಸಿಎಂಎಸ್ ಅನ್ನುವ ಒಂದು ಯಂತ್ರವಿದೆ. ತೂಕ ಸುಮಾರು 14,000 ಟನ್. 2012ರಲ್ಲಿ ಹಿಗ್ಸ್ ಬೋಸಾನ್ ಕಂಡುಹಿಡಿದ ಎರಡು ಡಿಟೆಕ್ಟರ್‌ಗಳಲ್ಲಿ ಇದೂ ಒಂದು. ಇದರ ಎರಡೂ ತುದಿಗಳಲ್ಲಿ ಮುಚ್ಚಳದಂಥ ಭಾಗಗಳಿವೆ. ಡಿಕ್ಕಿಯಿಂದ ಸಿಡಿದ ಕಣವೊಂದು ಆ ಕಡೆ ಹೊರಟರೆ ದಾರಿಯಲ್ಲಿ ಸಿಲಿಕಾನ್ ಸೆನ್ಸರ್‌ಗಳ ಒಂದು ಪದರ ಸಿಗುತ್ತೆ. ಅದರಲ್ಲಿ ಭಾರತದ ಪಾಲಿನ ಸೆನ್ಸರ್‌ಗಳು ತಯಾರಾಗಿದ್ದು ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲಿ. ಅದರ ಹಿಂದೆ ಸೀಸ ಮತ್ತು ಟಂಗ್‌ಸ್ಟನ್ ಸೇರಿದ ಪಾರದರ್ಶಕ ಹರಳುಗಳು. ಡಿಟೆಕ್ಟರ್‌ನಲ್ಲಿರುವ ಇಂಥ ಹರಳುಗಳಲ್ಲಿ ಬಹುಪಾಲು ರಷ್ಯಾದಲ್ಲಿ ಬೆಳೆಸಿದವು, ಉಳಿದವು ಚೀನಾದವು. ಅದರ ಹಿಂದೆ ಹಿತ್ತಾಳೆಯ ದಪ್ಪ ಗೋಡೆ. ಈ ಹಿತ್ತಾಳೆ ಬಂದಿದ್ದು ರಷ್ಯಾದ ನೌಕಾಪಡೆ ಎರಡನೇ ಮಹಾಯುದ್ಧದ ಕಾಲದಿಂದ ಇಟ್ಟುಕೊಂಡಿದ್ದ ಫಿರಂಗಿ ಗುಂಡುಗಳ ಕವಚಗಳಿಂದ. ಹತ್ತು ಲಕ್ಷಕ್ಕೂ ಹೆಚ್ಚು ಕವಚಗಳನ್ನ ಕರಗಿಸಿದರು. ಇಷ್ಟನ್ನೂ ಹೊತ್ತಿರುವ ಅಯಸ್ಕಾಂತದ ಪಾದಗಳು ಪಾಕಿಸ್ತಾನದಲ್ಲಿ ತಯಾರಾದವು.

ಯಾರೂ ಕೂತು ಸಾಂಕೇತಿಕವಾಗಿ ಹೀಗೆ ಜೋಡಿಸಿದ್ದಲ್ಲ. ಯಾವ ದೇಶದ ಕೈಲಿ ಯಾವುದು ಚೆನ್ನಾಗಿ, ಕಡಿಮೆ ಖರ್ಚಲ್ಲಿ ಆಗುತ್ತೋ ಅದನ್ನ ಅವರಿಂದ ಮಾಡಿಸಿಕೊಂಡರು, ಅಷ್ಟೇ.

ಈಗ ಸುದ್ದಿಗೆ ಬರೋಣ. ಈ ಯಂತ್ರ ಇರುವ ಸರ್ನ್ ಪ್ರಯೋಗಾಲಯ, ಉಕ್ರೇನ್ ಮೇಲಿನ ದಾಳಿಯ ಕಾರಣಕ್ಕೆ, ಬೆಲಾರೂಸ್ ಜೊತೆಗಿನ ಒಪ್ಪಂದವನ್ನು 2024ರ ಜೂನ್‌ನಲ್ಲೂ ರಷ್ಯಾ ಜೊತೆಗಿನ ಒಪ್ಪಂದವನ್ನು ಅದೇ ವರ್ಷ ನವೆಂಬರ್ 30ಕ್ಕೂ ಕೊನೆಗೊಳಿಸಿತು. ರಷ್ಯಾದ ಸಂಸ್ಥೆಗಳಿಗೆ ಸೇರಿದ ಸುಮಾರು 500 ವಿಜ್ಞಾನಿಗಳು ಹೊರಗಾದರು. ಹರಳುಗಳು ಅಲ್ಲೇ ಇವೆ. ಹಿತ್ತಾಳೆಯೂ ಅಲ್ಲೇ ಇದೆ.

ಇದರ ವಿರುದ್ಧ ಯುರೋಪಿನ ಭೌತವಿಜ್ಞಾನಿಗಳೇ ಸೈನ್ಸ್‌ ಫಾರ್ ಪೀಸ್ ಫೋರಂ ಅಂತ ಒಂದು ವೇದಿಕೆ ಕಟ್ಟಿಕೊಂಡು ದನಿ ಎತ್ತುತ್ತಾ ಬಂದಿದ್ದಾರೆ. ಯುದ್ಧವನ್ನು ಖಂಡಿಸಿ, ಆದರೆ ನಾಗರಿಕ ಸಂಶೋಧನೆಯ ಬಾಗಿಲು ಮುಚ್ಚಬೇಡಿ ಅನ್ನೋದು ಅವರ ವಾದ. ನಾನು ಅವರ ಪರ. ಯಾಕೆ ಅಂತ ಹೇಳುವ ಮುಂಚೆ ಎದುರು ವಾದವನ್ನು ಅದರ ಪೂರ್ತಿ ತೂಕದಲ್ಲಿ ಇಡಬೇಕು. ಯಾಕಂದ್ರೆ ಅದು ಹಗುರವಾದ್ದಲ್ಲ.

ಉಕ್ರೇನ್ ಕೂಡ 2016ರಿಂದ ಸರ್ನ್‌ನ ಸಹ ಸದಸ್ಯ. 2022ರ ಮಾರ್ಚ್‌ನಲ್ಲಿ ಖಾರ್ಕಿವ್‌ನ ಭೌತವಿಜ್ಞಾನ ಸಂಸ್ಥೆಯ ನ್ಯೂಟ್ರಾನ್ ಘಟಕದ ಮೇಲೆ ರಷ್ಯಾದ ಶೆಲ್‌ಗಳು ಬಿದ್ದವು. ಅದೇ ತಿಂಗಳು ರಷ್ಯಾದ ನೂರಾರು ವಿಶ್ವವಿದ್ಯಾಲಯಗಳ ಮುಖ್ಯಸ್ಥರು ಯುದ್ಧವನ್ನು ಬೆಂಬಲಿಸಿ ಪತ್ರಕ್ಕೆ ಸಹಿ ಹಾಕಿದರು. ತನ್ನ ಲ್ಯಾಬಿನ ಚಾವಣಿ ಹಾರಿಹೋದ ಉಕ್ರೇನಿನ ಸಂಶೋಧಕಿಗೆ, ಆ ವಿಶ್ವವಿದ್ಯಾಲಯದ ಹೆಸರಿನ ಪಕ್ಕ ನಿನ್ನ ಹೆಸರೂ ಬರಲಿ ಅಂತ ಹೇಳೋಕೆ ನಮಗೆ ಯಾವ ಬಾಯಿದೆ? ‘ವಿಜ್ಞಾನಕ್ಕೂ ರಾಜಕೀಯಕ್ಕೂ ಸಂಬಂಧವಿಲ್ಲ’ ಅನ್ನೋ ಉತ್ತರ ಇಲ್ಲಿ ನಡೆಯಲ್ಲ. ಅದನ್ನ ನಾನು ನಂಬೋದೂ ಇಲ್ಲ. ಫಿರಂಗಿ ತಯಾರಿಸೋರೂ ಇಂಜಿನಿಯರಿಂಗ್ ಓದಿದವರೇ.

ಆದರೆ 2022ರ ಫೆಬ್ರವರಿ 24ರಂದು, ಅಂದರೆ ದಾಳಿ ಶುರುವಾದ ದಿನವೇ, ರಷ್ಯಾದ ವಿಜ್ಞಾನಿಗಳು ಮತ್ತು ವಿಜ್ಞಾನ ಪತ್ರಕರ್ತರು ಯುದ್ಧ ವಿರೋಧಿಸಿ ಬಹಿರಂಗ ಪತ್ರ ಬರೆದರು. ಕೆಲವೇ ದಿನಗಳಲ್ಲಿ ಸಾವಿರಾರು ಜನ ಸಹಿ ಹಾಕಿದರು. ಅಲ್ಲಿ ಅಂಥ ಸಹಿಯ ಬೆಲೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಈಗ ಸರ್ನ್‌ನ ನಿಯಮ ಈ ಇಬ್ಬರನ್ನೂ, ಯುದ್ಧಕ್ಕೆ ಜೈ ಅಂದ ಕುಲಪತಿಯನ್ನೂ ಬೇಡ ಅಂದ ಸಂಶೋಧಕನನ್ನೂ, ಒಂದೇ ತಕ್ಕಡಿಗೆ ಹಾಕುತ್ತೆ. ಬೇರೆ ದೇಶದಲ್ಲಿ ಕೆಲಸ ಸಿಕ್ಕಿದವರು ಉಳಿದುಕೊಂಡರು. ವಯಸ್ಸಾದ ಅಪ್ಪ ಅಮ್ಮನನ್ನ ಬಿಟ್ಟು ಬರಲಾಗದವರು ಹೊರಗಾದರು. ಇದರಿಂದ ಪುಟಿನ್‌ಗೆ ಆದ ನಷ್ಟ ಏನು? ದೇಶದಲ್ಲಿ ಹೊರಗಿನ ಗಾಳಿ ಉಸಿರಾಡುತ್ತಿದ್ದ ಐನೂರು ಜನ ಕಡಿಮೆಯಾದರು, ಅವರಿಗೂ ಅದೇ ಬೇಕಿತ್ತು.

ಇನ್ನೊಂದು ವಿಷಯ. ಈ ನಿಯಮ ಎಲ್ಲರಿಗೂ ಒಂದೇನಾ? 2003ರಲ್ಲಿ ಇರಾಕ್ ಮೇಲೆ ದಾಳಿಯಾದಾಗ ಅಮೆರಿಕ, ಬ್ರಿಟನ್‌ನ ವಿಜ್ಞಾನಿಗಳನ್ನ ಯಾರೂ ಹೊರಗೆ ಹಾಕಲಿಲ್ಲ. ಹಾಕಬಾರದಿತ್ತು ಕೂಡ. ನನ್ನ ತಕರಾರು ಇಷ್ಟೇ: ಆಗ ಯಾವ ತತ್ವ ಅವರನ್ನ ಉಳಿಸಿತೋ ಅದು ಈಗಲೂ ಇರಬೇಕು. 1954ರಲ್ಲಿ ಸರ್ನ್ ಹುಟ್ಟಿದಾಗ ಅದರ ಒಪ್ಪಂದದಲ್ಲಿ ಎರಡು ಮಾತು ಸೇರಿಸಿದ್ದರು. ಮಿಲಿಟರಿ ಕೆಲಸ ಇಲ್ಲಿ ಮಾಡುವಂತಿಲ್ಲ, ಫಲಿತಾಂಶಗಳನ್ನ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು. ಒಂಬತ್ತು ವರ್ಷದ ಹಿಂದಷ್ಟೇ ಪರಸ್ಪರ ಊರುಗಳನ್ನ ಸುಟ್ಟುಹಾಕಿದ್ದ ದೇಶಗಳು ಬರೆದುಕೊಂಡ ಮಾತು ಅದು.

ಇದೆಲ್ಲ ಯುರೋಪಿನ ತಲೆನೋವು, ನಮಗೇನು ಅನ್ನಬಹುದು. ನಮ್ಮ ಕೋಲಾರದ ಕಥೆ ಕೇಳಿ.

1951ರಲ್ಲಿ ಹೋಮಿ ಭಾಭಾ ಅವರು ಬಿ.ವಿ. ಶ್ರೀಕಂಠನ್ ಅವರನ್ನು ಕೆಜಿಎಫ್‌ನ ಗಣಿಗೆ ಕಳಿಸಿದರು. ಶ್ರೀಕಂಠನ್ ನಂಜನಗೂಡಿನ ಕಡೆಯವರು, ಮುಂದೆ ಟಿಐಎಫ್‌ಆರ್‌ನ ನಿರ್ದೇಶಕರಾದರು. ಬಾಹ್ಯಾಕಾಶದಿಂದ ಬರುವ ಕಣಗಳು ಭೂಮಿಯೊಳಗೆ ಎಷ್ಟು ಆಳ ಇಳಿಯುತ್ತವೆ ಅಂತ ಅಳೆಯೋದು ಕೆಲಸ. ಹತ್ತು ವರ್ಷದ ಮೇಲೆ ಗಣಿಯ ತೀರಾ ಆಳದ ಮಟ್ಟದಲ್ಲಿ ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ಒಂದೇ ಒಂದು ಕಣವೂ ಬರಲಿಲ್ಲ. ಬೇರೆಯವರಾಗಿದ್ದರೆ ಗಂಟುಮೂಟೆ ಕಟ್ಟುತ್ತಿದ್ದರೇನೋ. ಇವರಿಗೆ ಅದೇ ಒಳ್ಳೆ ಸುದ್ದಿಯಾಯ್ತು. ಅಷ್ಟು ನಿಶ್ಶಬ್ದ ಇರುವ ಜಾಗದಲ್ಲಿ ಏನಾದರೂ ಸದ್ದು ಮಾಡಿದರೆ ಅದು ಬಂಡೆಯನ್ನೇ ಹಾದುಬರುವ ನ್ಯೂಟ್ರಿನೊದ ಸದ್ದೇ ಆಗಿರಬೇಕು. ಇಡೀ ಭೂಮಿಯನ್ನೇ ತೂರಿಕೊಂಡು ಹೋಗುವ ಕಣ ಅದು. ಕೋಟ್ಯಂತರದಲ್ಲಿ ಎಲ್ಲೋ ಒಂದು ಬಂಡೆಗೆ ತಾಗಿ ಮ್ಯೂಆನ್ ಹುಟ್ಟಿಸುತ್ತೆ. ಹಿಡಿಯಬೇಕಾಗಿದ್ದು ಆ ಮ್ಯೂಆನ್ ಅನ್ನ.

ಇದು ಟಿಐಎಫ್‌ಆರ್ ಒಂದರಿಂದಲೇ ಆಗುವ ಕೆಲಸ ಆಗಿರಲಿಲ್ಲ. ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯದ ಮಿಯಾಕೆ ಜೊತೆಯಾದರು. ಇಂಗ್ಲೆಂಡಿನ ಡರ್ಹಮ್‌ನಿಂದ ಆರ್ನಾಲ್ಡ್ ವುಲ್ಫೆನ್‌ಡೇಲ್ ಗುಂಪು ಬಂತು. ಕಣ ಹಾದುಹೋದ ಜಾಡನ್ನ ಮಿಂಚಿ ತೋರಿಸುವ ನಿಯಾನ್ ಟ್ಯೂಬ್‌ಗಳಲ್ಲಿ ಅವರದು ಎತ್ತಿದ ಕೈ. ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ ಈ ಮೂರೂ ಗುಂಪುಗಳು ಒಟ್ಟಿಗೆ ಕೆಲಸ ಮಾಡಿದವು. ಜಪಾನು ಬ್ರಿಟನ್ ಯುದ್ಧ ಮುಗಿದು ಇಪ್ಪತ್ತು ವರ್ಷವಾಗಿತ್ತು, ನಾವು ಬ್ರಿಟನ್ನಿನ ಕೈಯಿಂದ ಬಿಡಿಸಿಕೊಂಡು ಹದಿನೆಂಟು.

1965ರಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊ ಕೋಲಾರದಲ್ಲಿ ಸಿಕ್ಕಿತು. ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯಲ್ಲಿ ಅಮೆರಿಕದ ಫ್ರೆಡರಿಕ್ ರೈನ್ಸ್ ಗುಂಪು ಕೂಡ ಅದನ್ನೇ ಹುಡುಕುತ್ತಿತ್ತು. ಅವರಿಗೆ ಕಣ ಮೊದಲು ಕಂಡಿತ್ತು. ಆದರೆ ಪ್ರಕಟಣೆಯಲ್ಲಿ ಕೋಲಾರದ್ದೇ ಎರಡು ವಾರ ಮುಂದು. (ನಾಲ್ಕು ವರ್ಷ ಇಂಜಿನಿಯರಿಂಗ್ ಓದಿದ ನನಗೆ ಇದನ್ನ ಯಾವ ಮೇಷ್ಟ್ರೂ ಹೇಳಲಿಲ್ಲ. ಕೆಜಿಎಫ್ ಅಂದ್ರೆ ನಮಗೆ ಚಿನ್ನ, ಆಮೇಲೆ ಸಿನಿಮಾ.) ಗಣಿ 2001ರಲ್ಲಿ ಮುಚ್ಚಿತು.

ಬಾಗಿಲು ಮುಚ್ಚಿಸಿಕೊಂಡ ಅನುಭವವೂ ನಮಗೆ ಬೇಕಾದಷ್ಟಿದೆ. 1998ರ ಪೋಖ್ರಾನ್ ನಂತರ ಅಮೆರಿಕ ನಮ್ಮ ಹಲವು ಸಂಸ್ಥೆಗಳನ್ನ ನಿರ್ಬಂಧದ ಪಟ್ಟಿಗೆ ಸೇರಿಸಿತು. 2006ರಲ್ಲಿ, ಬೆಂಗಳೂರಿನ ಐಐಎಸ್‌ಸಿಯ ನಿರ್ದೇಶಕರಾಗಿದ್ದ ಗೋವರ್ಧನ್ ಮೆಹ್ತಾ ಅವರಿಗೆ ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ವೀಸಾ ಸಿಗಲಿಲ್ಲ. ರಸಾಯನಶಾಸ್ತ್ರಜ್ಞ ಅಂದಮೇಲೆ ರಾಸಾಯನಿಕ ಅಸ್ತ್ರದ ಅನುಮಾನ. ಆಗ ಅವರು ವಿಜ್ಞಾನಿಗಳ ಮುಕ್ತ ಓಡಾಟದ ಪರ ನಿಂತಿದ್ದ ಅಂತರರಾಷ್ಟ್ರೀಯ ವಿಜ್ಞಾನ ಮಂಡಳಿಯ ಅಧ್ಯಕ್ಷರು! ಗಲಾಟೆಯಾದ ಮೇಲೆ ರಾಯಭಾರ ಕಚೇರಿ ವಿಷಾದ ಹೇಳಿ ವೀಸಾ ಕೊಡಲು ಮುಂದಾಯ್ತು. ಅವರು ಹೋಗಲಿಲ್ಲ.

ಮುಚ್ಚಿದರೆ ಏನಾಗುತ್ತೆ, ತೆರೆದರೆ ಏನಾಗುತ್ತೆ ಅನ್ನೋದಕ್ಕೆ 2020ರ ಜನವರಿ ಸಾಕು. ಶಾಂಘೈನ ಜಾಂಗ್ ಯೋಂಗ್‌ಜೆನ್ ಹೊಸ ಕೊರೋನಾ ವೈರಸ್ಸಿನ ಪೂರ್ತಿ ಜೀನೋಮ್ ಓದಿ ಮುಗಿಸಿದ್ದರು. ಅದನ್ನ ಹೊರಗೆ ಬಿಡಲು ಸರ್ಕಾರದ ಒಪ್ಪಿಗೆ ಇರಲಿಲ್ಲ. ಜನವರಿ 11ರಂದು ಸಿಡ್ನಿಯಲ್ಲಿದ್ದ ಸಹೋದ್ಯೋಗಿ ಎಡ್ವರ್ಡ್ ಹೋಮ್ಸ್ ಮೂಲಕ ಅದು ಇಂಟರ್ನೆಟ್‌ಗೆ ಬಂತು. ಕೆಲವೇ ದಿನಗಳಲ್ಲಿ ಜಗತ್ತಿನ ಲಸಿಕೆ ಲ್ಯಾಬುಗಳು ಕೆಲಸ ಶುರುಮಾಡಿದವು. ಮಾರನೇ ದಿನ ಜಾಂಗ್ ಅವರ ಲ್ಯಾಬನ್ನ ‘ಸರಿಪಡಿಸುವ’ ಹೆಸರಲ್ಲಿ ಮುಚ್ಚಿಸಲಾಯಿತು. ಚೀನಾದ ಸರ್ಕಾರಕ್ಕೂ ಚೀನಾದ ವಿಜ್ಞಾನಿಗೂ ವ್ಯತ್ಯಾಸ ಇದೆ ಅಂತ ನಾವು ಆ ವಾರವೇ ಕಲಿಯಬೇಕಿತ್ತು. ಜಾಂಗ್ ಮತ್ತು ಹೋಮ್ಸ್ ನಡುವೆ ವರ್ಷಗಳ ಪರಿಚಯ, ಒಟ್ಟಿಗೆ ಬರೆದ ಪ್ರಬಂಧಗಳು ಇಲ್ಲದಿದ್ದರೆ ಆ ಫೋನ್ ಕರೆ ಯಾರಿಗೆ ಹೋಗುತ್ತಿತ್ತು?

ಆದರೆ ಒಂದೇ ವರ್ಷದಲ್ಲಿ, 2021ರ ಜನವರಿಯಲ್ಲಿ, ನಮ್ಮ ಶಿಕ್ಷಣ ಸಚಿವಾಲಯ ಒಂದು ಸುತ್ತೋಲೆ ಹೊರಡಿಸಿತು. ಗಡಿ, ಭದ್ರತೆ, ಈಶಾನ್ಯ, ಕಾಶ್ಮೀರ, ಲಡಾಖ್, ಅಥವಾ ‘ಆಂತರಿಕ ವಿಷಯ’ಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ವೆಬಿನಾರ್‌ಗೂ ಸರ್ಕಾರಿ ಸಂಸ್ಥೆಗಳು ವಿದೇಶಾಂಗ ಇಲಾಖೆಯ ಪೂರ್ವಾನುಮತಿ ಪಡೀಬೇಕು ಅಂತ. ಲಡಾಖ್‌ನ ಹಿಮನದಿ ಆಂತರಿಕ ವಿಷಯವೋ ಅಲ್ಲವೋ ಅಂತ ನಿರ್ಧರಿಸೋರು ಯಾರು? ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಭಾರತೀಯ ವಿಜ್ಞಾನ ಅಕಾಡೆಮಿ ಇದನ್ನ ವಿರೋಧಿಸಿ ಪತ್ರ ಬರೆಯಿತು, ಇನ್ನೊಂದು ಅಕಾಡೆಮಿಯೂ ದನಿಗೂಡಿಸಿತು. ಫೆಬ್ರವರಿಯಲ್ಲಿ ಸುತ್ತೋಲೆ ವಾಪಸಾಯ್ತು. ಈ ಘಟನೆಯನ್ನ ಜನ ಮರೆತಿದ್ದಾರೆ. ನನಗೆ ಅದು ಮುಖ್ಯ ಅನ್ನಿಸೋದು ಒಂದು ಕಾರಣಕ್ಕೆ: ಹಿರಿಯ ವಿಜ್ಞಾನಿಗಳು ಒಂದು ಕಾಗದ ಬರೆದರೆ ದಿಲ್ಲಿ ಕೇಳಿಸಿಕೊಂಡ ಅಪರೂಪದ ಸಂದರ್ಭ ಅದು. ಹಾಗಾದರೆ ಉಳಿದ ಸಮಯದಲ್ಲಿ ಯಾಕೆ ಬರೆಯಲ್ಲ?

ಬರೆಯೋಕೆ ವಿಷಯ ಇದೆ. ವಾಪಸಾಗಿದ್ದು ಆನ್‌ಲೈನ್ ಸಭೆಯ ನಿಯಮ ಮಾತ್ರ. ಪಾಕಿಸ್ತಾನ ಸೇರಿದಂತೆ ಕೆಲವು ದೇಶಗಳವರು ಸಮ್ಮೇಳನಕ್ಕೆ ಬರಬೇಕಾದರೆ ಗೃಹ ಇಲಾಖೆಯ ಒಪ್ಪಿಗೆ ಬೇಕು ಅನ್ನೋ ನಿಯಮ ಹಾಗೇ ಇದೆ. 2018ರಲ್ಲಿ ದಿಲ್ಲಿಯಲ್ಲಿ ನಡೆದ ಏಷ್ಯಾ ಅಧ್ಯಯನದ ದೊಡ್ಡ ಸಮ್ಮೇಳನಕ್ಕೆ ಪಾಕಿಸ್ತಾನದ ವಿದ್ವಾಂಸರು ಬರುವಂತಿಲ್ಲ ಅಂತ ಸರ್ಕಾರವೇ ಹೇಳಿತ್ತು. ಹೆಸರಘಟ್ಟದ ಹತ್ತಿರ ಇರುವ ಐಸಿಟಿಎಸ್‌ನಲ್ಲಿ ವರ್ಷವಿಡೀ ಅಂತರರಾಷ್ಟ್ರೀಯ ಕಾರ್ಯಾಗಾರಗಳು ನಡೀತವೆ. ಪಾಕಿಸ್ತಾನ 2015ರಿಂದ, ನಾವು 2017ರಿಂದ ಸರ್ನ್‌ನ ಸಹ ಸದಸ್ಯರು. ಲಾಹೋರಿನವರೂ ಬೆಂಗಳೂರಿನವರೂ ಪಕ್ಕಪಕ್ಕ ಕೂತು ಒಂದೇ ಡೇಟಾ ನೋಡಬೇಕಂದ್ರೆ ಸದ್ಯಕ್ಕೆ ಇಬ್ಬರೂ ಜಿನೀವಾ ವಿಮಾನ ಹತ್ತೋದೇ ಸುಲಭ.

ನಾನು ಗಡಿಯನ್ನ ತೆರೆದುಹಾಕಿ ಅಂತಿಲ್ಲ. ಕ್ಷಿಪಣಿ ಲ್ಯಾಬಿಗೆ, ರೋಗಾಣು ದಾಸ್ತಾನಿಗೆ ಬೀಗ ಇರಲಿ, ಇರಲೇಬೇಕು. ಕೇಳ್ತಿರೋದು ಮೂರೇ: ವಿಜ್ಞಾನ ಸಮ್ಮೇಳನದ ವೀಸಾ ಅರ್ಜಿಗೆ ಇಷ್ಟು ದಿನದೊಳಗೆ ಉತ್ತರ ಅಂತ ಗಡುವು, ನಿರಾಕರಿಸಿದರೆ ವ್ಯಕ್ತಿಯ ಮೇಲಿನ ಕಾರಣ ಲಿಖಿತವಾಗಿ, ಮತ್ತು ಆ ಕಾರಣ ‘ಅವರ ದೇಶ’ ಅನ್ನೋದು ಆಗಿರಬಾರದು. ಅಕಾಡೆಮಿಗಳು ಇದನ್ನ ದಿಲ್ಲಿಗೆ ಬರೆಯಲಿ. ಅದರ ಪ್ರತಿಯೊಂದನ್ನ ಜಿನೀವಾಕ್ಕೂ ಕಳಿಸಲಿ. ಸಹ ಸದಸ್ಯರಾದ ನಮಗೆ ಸರ್ನ್ ಕೌನ್ಸಿಲ್‌ನಲ್ಲಿ ಮತದ ಹಕ್ಕಿಲ್ಲ ನಿಜ, ಪತ್ರ ಬರೆಯೋಕೆ ಯಾರೂ ಅಡ್ಡ ಬಂದಿಲ್ಲ.